ನಾಲ್ಕನೇ ಹಾಡಿನೊಳಗಿನ ದನಿ

ಕಂಪಲಾಪುರದ ನಟರಾಜುವಿನ ಮುತ್ತಾತ ಹೊಂಬಾಳಯ್ಯ ಊರಿಗೆ ಡಂಗುರ ಸಾರುತ್ತಿದ್ದವನು. ಕೆರೆಯ ತೂಬು ಎತ್ತುವ ದಿನ, ಕಂದಾಯಕ್ಕೆ ಶಾನುಭೋಗರು ಬರುವ ದಿನ, ಯಾರದೋ ಎಮ್ಮೆ ತಪ್ಪಿಸಿಕೊಂಡ ಸುದ್ದಿ, ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕಿತ್ತು. ಅವನದೊಂದು ಕಟ್ಟಳೆ. ತಮಟೆಗೆ ಮೂರು ಏಟು, ಆಮೇಲೆ ಇದು ಇಂಥವರ ಮಾತು ಎಂಬ ಹೆಸರು, ಆಮೇಲೆ ಮಾತು. ಒಮ್ಮೆ ಪಟೇಲ ಅವನನ್ನು ಕರೆದು, ಹೊಸ ಬಾವಿಗೆ ಕೇರಿಯವರು ಬರಕೂಡದು ಎಂದು ಸಾರಿ ಬಾ ಅಂದ. "ಯಾರ ಮಾತು ಅನ್ಲಿ ಬುದ್ಧಿ?" ಎಂದು ಹೊಂಬಾಳಯ್ಯ ಕೇಳಿದ. "ಯಾರದೂ ಅನ್ಬೇಡ, ಸುಮ್ಕೆ ಸಾರು" ಅಂದ ಪಟೇಲ. ಹೊಂಬಾಳಯ್ಯ ಸಾರಲಿಲ್ಲ. ಹುಣಿಸೆ ಬರಲಲ್ಲಿ ತಿಂದ ಏಟಿನ ಗೆರೆ ಅವನು ಸಾಯುವವರೆಗೂ ಬೆನ್ನ ಮೇಲಿತ್ತು. ನಮ್ಮವ್ವ ಅದನ್ನು ಕಣ್ಣಾರೆ ಕಂಡವಳು.

ಅವನ ಮಗ ಚೆಲುವಯ್ಯ ತಮಟೆಯನ್ನು ಅಟ್ಟದ ಮೇಲೆ ಎಸೆದ. "ಸತ್ತ ದನದ ಚರ್ಮ ಬಡ್ಕೊಂಡು ಕೂಗೋದು ನಮ್ಮಪ್ಪನ ಕಾಲಕ್ಕೇ ಸಾಕು" ಎಂದು ಒಂದು ಮೈಕಿನ ಹಾರ್ನು, ಒಂದು ಬ್ಯಾಟರಿ ತಂದು ಸೈಕಲ್ಲಿಗೆ ಕಟ್ಟಿಕೊಂಡ. ಭೇರ್ಯದಿಂದ ಸರಗೂರಿನವರೆಗೆ ಟೆಂಟು ಸಿನಿಮಾಕ್ಕೂ, ಸಿಡುಬಿನ ಸೂಜಿಗೂ, ಎಲೆಕ್ಷನ್ನಿಗೂ ಅವನೇ ಕೂಗಿದ. ಒಂದೇ ದಿನ ಮೂರು ಪಕ್ಷಕ್ಕೆ ಕೂಗಿದ್ದೂ ಉಂಟು. ಆದರೆ ಪ್ರತಿ ಸಲ ಮೊದಲು, "ಈ ಮಾತು ಇಂಥವರದು, ಚೆಲುವಯ್ಯನದಲ್ಲ" ಎನ್ನುತ್ತಿದ್ದ. ಅವನ ಓಟು ಯಾರಿಗೆ ಎಂಬುದು ಹೆಂಡತಿಗೂ ಗೊತ್ತಾಗಲಿಲ್ಲ.

ಚೆಲುವಯ್ಯನ ಮಗ ಸ್ವಾಮಿ ಬಸ್‌ ನಿಲ್ದಾಣದ ಪಕ್ಕದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟ. ಹಾಡು ತುಂಬಿ ಕೊಡುವುದು ಅವನ ಅರ್ಧ ಕೆಲಸ. ಇನ್ನರ್ಧ ಕೆಲಸ ಕಾಗದ ಬರೆಯಲು ಬಾರದವರದು. ಅವರು ಬಂದು ಅವನ ಟೇಪಿನ ಮುಂದೆ ಕೂತು ಮಾತಾಡುತ್ತಿದ್ದರು. ಕೊಡಗಿನ ಎಸ್ಟೇಟಿನಲ್ಲಿದ್ದ ಗಂಡನಿಗೆ ಹೆಂಡತಿ, ಮಿಲಿಟ್ರಿಯಲ್ಲಿದ್ದ ಮಗನಿಗೆ ತಾಯಿ. ಸ್ವಾಮಿ ಆ ಹೊತ್ತಿನಲ್ಲಿ ಎದ್ದು ಹೊರಗೆ ಬಂದು ನಿಲ್ಲುತ್ತಿದ್ದ. ಕೇಳಿದ್ದರೂ ಕೇಳಲಿಲ್ಲ ಎಂಬಂತೆ ಇರುತ್ತಿದ್ದ. ಮೂರು ತಲೆ ಊರ ಮಾತನ್ನು ಹೊತ್ತ ಮನೆ ಅದು. ಹೊತ್ತದ್ದರಲ್ಲಿ ಒಂದು ಕಾಳನ್ನೂ ಬಾಯಿಗೆ ಹಾಕಿಕೊಂಡವರಲ್ಲ.

ಈಗ ನಟರಾಜುವಿನ ವಿಷಯ. ಅವನ ಒಳ್ಳೆಯದನ್ನು ಬರೆದು ಕೆಟ್ಟದ್ದನ್ನು ಮುಚ್ಚಿಟ್ಟರೆ ಹೊಂಬಾಳಯ್ಯನ ಬೆನ್ನಿನ ಗೆರೆಗೆ ನಾನು ಮೋಸ ಮಾಡಿದಂತೆ. ನಾನು ಶಾಲೆಯಲ್ಲಿ ಕಲಿತದ್ದು ಮೂರನೇ ಕ್ಲಾಸು; ಉಳಿದದ್ದನ್ನೆಲ್ಲ ಬೆಲ್ಲ ಕಟ್ಟಿಕೊಟ್ಟ ಕಾಗದದಲ್ಲಿ ಓದಿಕೊಂಡೆ. ಆದ್ದರಿಂದ ಸುತ್ತಿ ಬಳಸಿ ಬರೆಯುವುದು ನನಗೆ ಬಾರದು.

ಸ್ವಾಮಿ ತೀರಿಕೊಂಡ ಮೇಲೆ ನಟರಾಜು ಅಂಗಡಿಯನ್ನು ಮೈಕ್‌ಸೆಟ್ ಮಾಡಿಕೊಂಡ. ಅವನಿಗೀಗ ಇಪ್ಪತ್ತೆಂಟು. ಮದುವೆಗೆ, ನಾಮಕರಣಕ್ಕೆ, ಶಾಲೆಯ ಕಾರ್ಯಕ್ರಮಕ್ಕೆ ಸ್ಪೀಕರಿನ ಡಬ್ಬ ಹೊತ್ತು ಹೋಗುವುದು. ಕೆಲಸವಿಲ್ಲದ ದಿನ ಹಿಂದಿನ ಕೋಣೆ ಸೇರಿಕೊಂಡು ಹಾಡು ಕಟ್ಟುವುದು. ರಾಗದ ಹಾಡಲ್ಲ, ಮಾತನ್ನೇ ತಾಳಕ್ಕೆ ಕೂರಿಸಿ ಬಿಡುವ ಹಾಡು. ರ್‍ಯಾಪು ಎನ್ನುತ್ತಾನೆ. ಅದರಲ್ಲೂ ಇವನಿಗೆ ಬೇಕಾದದ್ದು ಹಳೇ ಕಾಲದ ವರಸೆ. ಕಂಪ್ಯೂಟರಿನಲ್ಲಿ ದನಿಯನ್ನು ನುಣುಪು ಮಾಡುವಂತಿಲ್ಲ. ಅಪ್ಪನ ಎರಡು ಕ್ಯಾಸೆಟ್ ಹಾಕುವ ಟೇಪು, ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟ ತಾಳದ ಮಿಷಿನ್ನು, ತಾತನ ಗ್ರಾಮಫೋನಿನ ತಟ್ಟೆ. ಆ ತಟ್ಟೆಯನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಉಜ್ಜಿ ಗರಗಸದಂಥ ಸದ್ದು ತೆಗೆಯುತ್ತಿದ್ದ. ಹಳೆಯ ಟೇಪಿನಿಂದ ಒಂದು ಚೂರು ದನಿ ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ಸುತ್ತಿಸಿ, ಅದರ ಮೇಲೆ ತನ್ನ ಮಾತು ಇಡುತ್ತಿದ್ದ.

ಎರಡು ವರ್ಷ ಕೂತು ಎಂಟು ಹಾಡು ಮಾಡಿದ. 'ತಾತನ ಹಾರ್ನು' ಎಂದು ಹೆಸರಿಟ್ಟ. ಕಂಪನಿ ಇಲ್ಲ, ಪೋಸ್ಟರ್ ಇಲ್ಲ, ಇಂಟರ್‌ನೆಟ್ಟಿಗೂ ಹಾಕಲಿಲ್ಲ. ಐವತ್ತು ಕ್ಯಾಸೆಟ್ ತುಂಬಿ, ಇನ್ನೂ ಟೇಪು ಉಳಿಸಿಕೊಂಡಿದ್ದ ಆಟೋದವರಿಗೆ, ಕಟಿಂಗ್ ಶಾಪಿನವರಿಗೆ ಕೊಟ್ಟ. ಮಿಕ್ಕವರಿಗೆ ಹುಣಸೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅವನ ಗೆಳೆಯ ಕಿರಣ್‌ಕುಮಾರ್ ಮೆಮೊರಿ ಕಾರ್ಡಿಗೆ ತುಂಬಿ ಕೊಡುತ್ತಿದ್ದ.

"ಇದಕ್ಕೆ ಅಂಡರ್‌ಗ್ರೌಂಡ್ ಅಂತಾರೆ ದೊಡ್ಡಪ್ಪ" ಎಂದ ನಟರಾಜು. ಸ್ವಂತ ನಂಟಲ್ಲ, ಊರಿನ ಸಲಿಗೆಯಲ್ಲಿ ಅವನು ನನ್ನನ್ನು ಕರೆಯುವುದೇ ಹಾಗೆ.

"ನೆಲದಡೀಲಿ ಗೆಣಸು ಬೆಳೀತದೆ ಕಣ್ಲಾ, ಹಾಡೂ ಬೆಳೀತದಾ?" ಎಂದೆ.

"ನೋಡ್ತಿರಿ. ಗೆಣಸಿನ ಬಳ್ಳಿ ಥರಾನೇ ಹಬ್ತದೆ."

ಹಬ್ಬಿತು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಂಗಸರು ಅದನ್ನು ಹಾಕಿಕೊಂಡು ಕಟ್ಟಿದರು. ಕೋಟೆ ಬಸ್ಸಿನ ಡ್ರೈವರು ಹಾಕಿದ. ಯಾಕೆ ಹಿಡಿಸಿತು ಎಂದು ನಾನೂ ಯೋಚಿಸಿದ್ದೇನೆ. ಈಗಿನ ಹಾಡುಗಳಲ್ಲಿ ಸದ್ದು ಮಾತನ್ನು ತಿಂದುಬಿಡುತ್ತದೆ. ಇದರಲ್ಲಿ ಸದ್ದು ಅಷ್ಟಕ್ಕಷ್ಟೇ. ಒರಳಿಗೆ ಒನಕೆ ಬಿದ್ದಂತೆ ನಾಲ್ಕು ಏಟು, ನಾಲ್ಕನೇ ಏಟಿಗೆ ಮಾತಿನ ತುದಿ ಬಂದು ಕೂರುತ್ತದೆ. ಹಿಂದೆ ಟೇಪಿನ ಸರಸರ, ಒಲೆಯಲ್ಲಿ ಹಸಿ ಸೌದೆ ಉರಿದಂತೆ. ಮಾತೂ ನಮ್ಮದೇ:

ತಾತನ ಹಾರ್ನಿಗೆ ಬಾಯಿ ದೊಡ್ಡದು,
ತಾತನ ತಟ್ಟೇಲಿ ಮುದ್ದೆ ಸಣ್ಣದು;
ಊರ ಮಾತೆಲ್ಲ ಹೊತ್ತ ಹೆಗಲು,
ಊರ ಬಾವಿಗೆ ಮಾತ್ರ ಹೊರಗು.

ಇದನ್ನು ಕೇಳಿದ ದಿನ ನನ್ನ ಎದೆ ಒಂದು ಗೇಣು ಉಬ್ಬಿತು, ಸುಳ್ಳಾಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಬ್ಬಿದ್ದು ನಾಲ್ಕನೇ ಹಾಡು. ಅದರ ತಳದಲ್ಲಿ ಒಬ್ಬ ಹೆಂಗಸಿನ ದನಿ ಸುತ್ತುತ್ತಿತ್ತು. ಮಾತಿಲ್ಲ. ಬರೀ ಒಂದು ಎಳೆತ, ಕೆಳಗಿನಿಂದ ಎದ್ದು ಮೇಲೆ ಹೋಗಿ, ಅಲ್ಲಿ ಮುರಿದು, ಒಂದು ಉಸಿರು ಒಳಕ್ಕೆ ಎಳೆದುಕೊಂಡು ಮತ್ತೆ ಕೆಳಗೆ. ಆ ಮುರಿಯುವ ಜಾಗಕ್ಕೆ ಸರಿಯಾಗಿ ನಟರಾಜು ತಾಳ ಬಿಡುತ್ತಿದ್ದ. ಕೇಳಿದವರ ಮೈ ಜುಮ್ಮೆನ್ನುತ್ತಿತ್ತು.

"ಯಾರ್ಲಾ ಇದು, ಸೋಬಾನೆಯವ್ರಾ?" ಎಂದು ಕೇಳಿದ್ದೆ.

"ಯಾವ್ದೋ ಹಳೇ ಟೇಪು ದೊಡ್ಡಪ್ಪ" ಎಂದು ಅವನು ವೈರು ಸರಿಮಾಡಲು ಬಗ್ಗಿದ.

"ಇನ್ನೊಂದ್ಸಲ ಹಾಕ್ಲಾ" ಎಂದವನು ನಾನು. ಎಪ್ಪತ್ತು ವರ್ಷದಲ್ಲಿ ಎಷ್ಟು ಸಾವಿನ ಮನೆಯ ಮುಂದೆ ಕೂತಿದ್ದೇನೆ! ಆದರೂ ನನ್ನ ಕಿವಿ ಆ ದನಿಯನ್ನು ಗುರುತಿಸಲಿಲ್ಲ. ತಾಳ ಕಟ್ಟಿದ ಕೂಡಲೇ ಅದು ಬೇರೆಯಾಗಿಬಿಟ್ಟಿತ್ತು.

ಹೋದ ವೈಶಾಖದಲ್ಲಿ ಕೆ.ಆರ್. ನಗರದ ಛತ್ರವೊಂದರಲ್ಲಿ ಮದುವೆ. ಮೈಕ್‌ಸೆಟ್ ನಟರಾಜುವಿನದು, ಹುಡುಗಿಯ ಕಡೆಯವರು ನನಗೂ ಬೇಕಾದವರಾದ್ದರಿಂದ ನಾನೂ ಹೋಗಿದ್ದೆ. ಮುಹೂರ್ತ ಮುಗಿದು ಎರಡನೇ ಪಂಕ್ತಿ ಕೂತಿತ್ತು. ಗಂಡಿನ ಕಡೆಯ ಹೈಕಳು ಮೈಕಿನ ಮೇಜು ಮುತ್ತಿಕೊಂಡರು.

"ನಾಲ್ಕನೇದು ಹಾಕಣ್ಣ!"

"ಬ್ಯಾಡ ಕಣ್ರೋ, ಮದ್ವೆ ಮನೆ. ಬ್ಯಾರೆ ಯಾವ್ದಾರ ಕೇಳಿ."

"ನಿನ್ ಹಾಡು ಹಾಕಕ್ಕೆ ನಿಂಗೇ ನಾಚ್ಕೆಯಾ? ಹೊಸ ಮದ್ಲಗಿತ್ತಿಯೇನ್ಲಾ ನೀನು?"

"ಕ್ಯಾಸೆಟ್ಟಲ್ಲಿ ಹುಲಿ, ಛತ್ರದಲ್ಲಿ ಇಲಿ ಕಣ್ರೋ ಇವ್ನು!"

ನಕ್ಕರು. ನಟರಾಜುವೂ ನಕ್ಕ. ಹೊಗಳಿಕೆ ಎಂಬುದು ಎಳೆ ಬಿಸಿಲಿನಂತೆ, ಹಿತವಾಗಿಯೇ ತಲೆಗೇರುತ್ತದೆ. ಹಾಕಿಬಿಟ್ಟ. ನಾಲ್ಕು ದೊಡ್ಡ ಡಬ್ಬದಲ್ಲಿ ಆ ದನಿ ಎದ್ದಿತು.

ನನ್ನ ಎದುರು ಸಾಲಿನಲ್ಲಿ ಭೇರ್ಯದ ಪಕ್ಕದ ಊರಿನ ಮಲ್ಲಾಜಮ್ಮ ಕೂತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಗಂಡಿಗೆ ದೊಡ್ಡಜ್ಜಿಯಾಗಬೇಕು. ಪಕ್ಕದಲ್ಲಿ ಅವಳ ಮಗಳ ಮಗಳು ಸೌಂದರ್ಯ. ಅನ್ನ ಕಲೆಸುತ್ತಿದ್ದ ಮುದುಕಿಯ ಕೈ ಹಾಗೇ ನಿಂತಿತು.

"ಅಜ್ಜಿ, ನನ್ ಫೋನ್ ಬಂದಾಗ ಹಾಡ್ತದಲ್ಲ, ಇದೇಯ ಅದು" ಎಂದು ಸೌಂದರ್ಯ ತಲೆ ಆಡಿಸುತ್ತ ಹೇಳಿದಳು. ಮುದುಕಿಗೆ ಕಿವಿ ಮಂದ. ಫೋನಿನ ಸಣ್ಣ ಸದ್ದಿನಲ್ಲಿ ಆಕೆಗೆ ಏನೂ ಕೇಳಿರಲಿಲ್ಲ. ಈಗ ಡಬ್ಬ ಅವಳ ಬೆನ್ನ ಹಿಂದೆಯೇ ಇತ್ತು.

"ಇದು ನಾನು ಕಣವ್ವ."

"ಏನಜ್ಜಿ?"

"ನಾನು. ನಿಮ್ಮವ್ವನ ಮಣ್ಗೆ ಎತ್ತಿದ ದಿನ."

ಮಲ್ಲಾಜಮ್ಮ ಎಲೆಯ ಮುಂದಿನಿಂದ ಎದ್ದಳು. ಪಂಕ್ತಿಯ ನಡುವೆ ಒಬ್ಬರು ಎದ್ದರೆ ನಮ್ಮ ಕಡೆ ಇಡೀ ಸಾಲಿನ ಕೈ ನಿಲ್ಲುತ್ತದೆ. ನಿಂತಿತು. ಅನ್ನದ ಕೈಯನ್ನು ಹಾಗೇ ಮುಂದೆ ಹಿಡಿದುಕೊಂಡು ಆಕೆ ಮೈಕಿನ ಮೇಜಿನವರೆಗೆ ನಡೆದಳು.

"ಆರ್ಸಪ್ಪ ಅದ."

ಅವನು ಆರಿಸಿದ.

"ಇದ ಯಾರು ಕೊಟ್ರು ನಿಂಗೆ?"

"ನಮ್ಮಪ್ಪನ ಟೇಪಲ್ಲಿತ್ತು ಅಜ್ಜಿ."

"ನಿಮ್ಮಪ್ಪ?"

"ಕಂಪಲಾಪುರದ ಸ್ವಾಮಿ."

ಮುದುಕಿ ಅವನ ಮುಖವನ್ನೇ ನೋಡಿದಳು. "ಸ್ವಾಮಿ ತಲೆ ಮ್ಯಾಲೆ ಕೈ ಮಡೀಕೊಂಡು ಯೋಳಿದ್ದ, ಇಟ್ಕಳಕ್ಕಿಲ್ಲ ಅಂತವ. ಮದ್ವೆ ಮನೇಲಿ ಎಣ ಇಳ್ಸಿದ್ಯಲ್ಲೋ ಮಗ."

ಬೈಯಲಿಲ್ಲ. ಬೈದಿದ್ದರೆ ನಟರಾಜುವಿಗೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು.

ಓದುವವರಲ್ಲಿ ಹೊರಗಿನವರಿದ್ದರೆ ಒಂದು ಮಾತು ಹೇಳಬೇಕು. ಹೆಣದ ಮುಂದೆ ಅಳುವ ಪದವನ್ನು ನಮ್ಮಲ್ಲಿ ಬೇರೆಲ್ಲಿಯೂ ಎತ್ತುವುದಿಲ್ಲ. ಮಗು ಆಟಕ್ಕೆ ಆ ವರಸೆಯಲ್ಲಿ ಅತ್ತರೂ ಬಾಯಿಗೆ ಹೊಡೆಯುತ್ತಾರೆ. ಎತ್ತಿದ ಮನೆಗೆ ಕೇಡು ಎಂಬ ನಂಬಿಕೆ ಒಂದು ಕಡೆ; ಅದಕ್ಕಿಂತ ದೊಡ್ಡದು, ಆ ಪದ ಸತ್ತವರ ಪಾಲಿನದು. ಅವರ ಜೊತೆಗೇ ಮಣ್ಣಿಗೆ ಹೋಗಬೇಕು. ಮದುಮಗಳ ತಾಯಿ ಅಳುತ್ತ ಬಂದು ಛತ್ರದ ಹೊಸಿಲಿಗೆ ನೀರು ಹಾಕಿದಳು. ಸೌಂದರ್ಯ ಫೋನು ತೆಗೆದು ಆ ಹಾಡನ್ನು ಕಿತ್ತು ಹಾಕಲು ನೋಡುತ್ತಿದ್ದಳು. ಅನ್ನದ ಬೆರಳು ಗಾಜಿನ ಮೇಲೆ ಜಾರುತ್ತಿತ್ತು. ನಟರಾಜು ಒಂದು ವೈರನ್ನು ಕೈಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಅದನ್ನೇ ಸುತ್ತಿಕೊಂಡ.

ಮಾರನೇ ಬೆಳಿಗ್ಗೆ ಅಂಗಡಿಗೆ ಹೋದೆ. ಅವನು ಅಪ್ಪನ ಟ್ರಂಕನ್ನು ಮುಂದಿಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ ಏಳಲಿಲ್ಲ. ಒಂದು ಕ್ಯಾಸೆಟ್ ಡಬ್ಬಿಯನ್ನು ನನ್ನ ಕಡೆ ತಳ್ಳಿದ. ಒಳಗಿನ ಚೀಟಿಯಲ್ಲಿ ಸ್ವಾಮಿಯ ಸೀಸದ ಕಡ್ಡಿಯ ಅಕ್ಷರ: 'ಮಲ್ಲಾಜಮ್ಮ, ಮಗಳು ತೀರಿದಾಗ. ಇಟ್ಟುಕೊಳ್ಳುವಂತಿಲ್ಲ, ಮಾತು ಕೊಟ್ಟಿದ್ದೇನೆ.'

"ಅಯ್ಯೋ, ನೀನು ಇದ ನೋಡಿರ್ನಿಲ್ಲ ಬುಡು" ಎಂದೆ. ಅವನಿಗೊಂದು ಊರುಗೋಲು ಕೊಡಲು ಆಡಿದ ಮಾತು ಅದು.

"ನೋಡಿದ್ದೆ ದೊಡ್ಡಪ್ಪ."

ನಾನು ಚೀಟಿಯನ್ನು ಡಬ್ಬಿಯೊಳಗೆ ಇಟ್ಟೆ.

"ಎಲ್ಡು ವರ್ಸದ ಹಿಂದ್ಲೇ ಓದ್ದೆ. ಓದಿ ಮಡಚಿ ಒಳಿಕೆ ಇಟ್ಟೆ. ಮಾತಿಲ್ಲದ ಜಾಗ ಕತ್ರಿಸ್ಕೊಂಡ್ರೆ ಯಾರಿಗೆ ಗೊತ್ತಾದದು ಅಂದ್ಕೊಂಡೆ. ಅಂಥ ದನಿ ನಂಗೆ ಎಲ್ಲೂ ಸಿಕ್ಕಿರ್ನಿಲ್ಲ. ನೀವು ಯಾರ್ಲಾ ಇದು ಅಂದಾಗ ಬಗ್ಗಿದ್ನಲ್ಲ, ವೈರು ಕಿತ್ತೋಗಿರ್ಲಿಲ್ಲ."

ಸ್ವಾಮಿಯೂ ತಪ್ಪಿದ್ದ, ಅದನ್ನೂ ಬರೆಯಲೇಬೇಕು. ಇಟ್ಟುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟವನು ಯಾಕೆ ಇಟ್ಟುಕೊಂಡನೋ! ಬಹುಶಃ ಅವನಿಗೂ ಆ ದನಿಯನ್ನು ಕೊಲ್ಲಲು ಕೈ ಬಂದಿರಲಿಕ್ಕಿಲ್ಲ. ಆದರೆ ಇಟ್ಟುಕೊಂಡದ್ದು ಬೇರೆ, ಬೀದಿಗೆ ಬಿಟ್ಟದ್ದು ಬೇರೆ.

ಮೂರನೇ ದಿನ ಅವನು ಮಲ್ಲಾಜಮ್ಮನ ಮನೆಗೆ ಹೊರಟ. ನಾನೂ ಬಸ್ಸು ಹತ್ತಿದೆ. ಮುದುಕಿ ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ನೀರು ಕೊಟ್ಟಳು, ಕೂರಿ ಎನ್ನಲಿಲ್ಲ. ನಟರಾಜು ಕ್ಯಾಸೆಟ್ಟನ್ನು ಅವಳ ಕಾಲ ಬಳಿ ಇಟ್ಟು, ಚೀಟಿಯ ವಿಷಯವನ್ನೂ ಬಿಡದೆ ಎಲ್ಲವನ್ನೂ ಹೇಳಿದ. ಹೇಳುವಾಗ ಅವನ ಮುಖ ಕಿವಿಯವರೆಗೆ ಕೆಂಪಾಗಿತ್ತು.

ಮುದುಕಿ ಸಿಪ್ಪೆ ಬಿಡಿಸುತ್ತಲೇ ಮಾತಾಡಿದಳು. "ನನ್ ಮಗ ಆಗ ಮಿಲಿಟ್ರೀಲಿದ್ದ. ತಂಗಿ ಮಣ್ಗೆ ಬರಾಕ್ಕಾಗ್ನಿಲ್ಲ. ನೀವು ಅತ್ತಿದ್ದಾರ ನಾನು ಕೇಳ್ಬೇಕು ಅಂತ ಕಾಗ್ದ ಆಕಿದ್ದ. ಅದ್ಕೆ ನಿಮ್ಮಪ್ಪನ ಕರ್ಸಿದ್ದು. ಮಗಂಗೆ ಒಂದು ತುಂಬಿ ಕಳ್ಸಿ, ತನ್ ತಾವ ಇರೋದ ಒರೆಸಾಕ್ತೀನಿ ಅಂದಿದ್ದ. ಮಗ ಒಂದ್ಸಲ ಕೇಳ್ದ, ರಜಕ್ಕೆ ಬಂದೋನು ಟೇಪ ಕಾವೇರಿಗೆ ಬುಟ್ಟ. ಅಲ್ಲಿಗೆ ನನ್ ಮಗ್ಳು ಒಂಟೋದ್ಲು ಅಂದ್ಕೊಂಡಿದ್ದೆ."

ಒಳಗಿನಿಂದ ಸೌಂದರ್ಯ ಬಂದು ಬಾಗಿಲಿಗೆ ಒರಗಿ ನಿಂತಳು. ತಾಯಿ ಸತ್ತಾಗ ಇವಳು ಆರು ತಿಂಗಳ ಕೂಸು.

"ನಮ್ಮವ್ವಂಗೋಸ್ಕರ ಯಾರಾದ್ರೂ ಅತ್ತಿದ್ನ ನಾನು ಕೇಳೇ ಇರ್ನಿಲ್ಲ" ಎಂದಳು. "ನೀನು ಕೇಳುಸ್ದೆ. ವರ್ಸವೆಲ್ಲ ಅದಕ್ಕೆ ತಲೆ ಆಡಿಸ್ಕೊಂಡು ಓಡಾಡಿವ್ನಿ. ಅದ ನೆನಸ್ಕೊಂಡ್ರೆ ನಿನ್ ಮ್ಯಾಲೆ ಇನ್ನೂ ಉರೀತದೆ."

ನಟರಾಜು ತಲೆ ಎತ್ತಲಿಲ್ಲ. "ಏನ್ ಮಾಡ್ಬೇಕು ಯೋಳು ಅಜ್ಜಿ. ದುಡ್ಡು ಕಾಸು..."

"ಥೂ, ದುಡ್ಡಂತೆ!" ಮುದುಕಿ ಮೊರ ಪಕ್ಕಕ್ಕಿಟ್ಟಳು. "ನಿಮ್ ತಾತ ಚೆಲುವಯ್ಯ ಈ ಬೀದೀಲಿ ಸೈಕಲ್ ತಳ್ಕೊಂಡು ಕೂಗ್ತಿದ್ದ. ಯಾರ್ ಮಾತು ಅಂತ ಮೊದ್ಲು ಯೋಳೋನು. ನೀನು ಯೋಳ್ನಿಲ್ಲ. ಈಗ ಯೋಳು. ನನ್ ಹೆಸ್ರು ಯೋಳು, ಪರವಾಗಿಲ್ಲ. ನನ್ ಮಗ್ಳ ಹೆಸ್ರ ಮಾತ್ರ ಮೈಕಲ್ಲಿ ಎತ್ಬ್ಯಾಡ. ಅವ್ಳ ಸುಮ್ಕೆ ಮನಗಕ್ಕೆ ಬುಡಿ."

ಅದಕ್ಕೇ ನಾನೂ ಆ ಹೆಸರನ್ನು ಇಲ್ಲಿ ಬರೆದಿಲ್ಲ.

ಹೇಳುವುದು ಸುಲಭವಲ್ಲ ಎಂದು ಹುಣಸೂರಿಗೆ ಬಂದ ಮೇಲೆ ತಿಳಿಯಿತು. ಕಿರಣ್‌ಕುಮಾರನ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಲು ನೋಡಿದರೆ, ಹಾಡು ಯಾರ ಕೈಯಲ್ಲಿದೆ ಎಂಬುದಕ್ಕೆ ಪಟ್ಟಿಯೇ ಇಲ್ಲ. ಕಂಪನಿಯ ಹಾಡಾಗಿದ್ದರೆ ಒಂದು ಕಡೆ ತೆಗೆದರೆ ಎಲ್ಲ ಕಡೆ ಹೋಗುತ್ತಿತ್ತಂತೆ. ಇದು ಕೈಯಿಂದ ಕೈಗೆ ಹೋದದ್ದು. ಕಾರ್ಡಿನಿಂದ ಫೋನಿಗೆ, ಆ ಫೋನಿನಿಂದ ಇನ್ನೊಂದಕ್ಕೆ. ಯಾವುದು ಹೆಮ್ಮೆಯಾಗಿತ್ತೋ ಅದೇ ಕೊರಳಿಗೆ ಸುತ್ತಿಕೊಂಡಿತ್ತು.

"ಬುಡು ಮಗಾ" ಎಂದ ಕಿರಣ್‌ಕುಮಾರ್. "ಟೇಪಲ್ಲಿ ಏನಿತ್ತು ಅಂತ ಗೊತ್ತೇ ಇರ್ಲಿಲ್ಲ ಅಂದ್ಬುಡು. ನಿಮ್ಮಪ್ಪ ಏನು ಎದ್ ಬಂದು ಸಾಕ್ಷಿ ಯೋಳ್ತಾನಾ?"

ನಟರಾಜು ಎದ್ದು ಊರಿಗೆ ಬಂದ. ತಾತನ ಹಾರ್ನನ್ನು ಟ್ರಂಕಿನ ಪಕ್ಕದಿಂದ ತೆಗೆದು, ತುಕ್ಕು ಉಜ್ಜಿ, ತನ್ನ ಟಿವಿಎಸ್ ಮೊಪೆಡ್ಡಿಗೆ ಕಟ್ಟಿದ. ಮೊದಲು ನಮ್ಮೂರಿನಲ್ಲೇ ಕೂಗಿದ. ಸಂತೆಯ ದಿನ, ಮಟಮಟ ಮಧ್ಯಾಹ್ನ, ಎಲ್ಲರೂ ಇದ್ದಾಗ.

"ಇದು ನಟರಾಜುವಿನ ಮಾತು. ಸ್ವಾಮಿ ಮಗ, ಚೆಲುವಯ್ಯನ ಮೊಮ್ಮಗನ ಮಾತು. ನಾಲ್ಕನೇ ಹಾಡಿನಲ್ಲಿರುವ ದನಿ ನನ್ನದಲ್ಲ. ಭೇರ್ಯದ ಕಡೆಯ ಮಲ್ಲಾಜಮ್ಮನದು. ಮಗಳ ಹೆಣದ ಮುಂದೆ ಅತ್ತ ದನಿ. ಗೊತ್ತಿದ್ದೂ ಕೇಳದೆ ತೆಗೆದುಕೊಂಡೆ. ಯಾರ ಫೋನಿನಲ್ಲಿದ್ದರೂ ದಯಮಾಡಿ ತೆಗೆದುಹಾಕಿ."

ಹೈಕಳು ಮೊದಲು ಇದೂ ಹೊಸ ಹಾಡು ಎಂದು ಸಿಳ್ಳೆ ಹೊಡೆದರು. ಒಬ್ಬ ನಾಲ್ಕು ಏಟಿನ ತಾಳವನ್ನೂ ಹಾಕಿದ. ಎರಡನೇ ಸಲ ಕೂಗಿದಾಗ ತಾಳ ನಿಂತಿತು. ಮೂರನೇ ಸಲಕ್ಕೆ ಸೊಪ್ಪು ಮಾರುತ್ತಿದ್ದ ಚಿಕ್ಕಸಿದ್ದಮ್ಮ ತನ್ನ ಫೋನನ್ನು ಪಕ್ಕದವನಿಗೆ ಕೊಟ್ಟು, "ನಂಗೆ ಬರಾಕ್ಕಿಲ್ಲ, ನೀನೇ ತೆಗ್ದಾಕಪ್ಪ" ಎಂದಳು. ಕೆಲವರು ಉಗಿದರು. ಒಬ್ಬ, "ಹೊಂಬಾಳಯ್ಯನ ವಂಶದಲ್ಲಿ ಇಂಥದ್ದಾ!" ಎಂದ. ನಟರಾಜುವಿಗೆ ಕೇಳಲಿ ಎಂದೇ ಜೋರಾಗಿ ಅಂದದ್ದು.

ಕೂಗಿ ಮುಗಿಸಿದ ಮೇಲೆ ಕಿರಣ್‌ಕುಮಾರ್ ಬಂದ. ತಾನು ಮೊದಲು ಆಡಿದ ಮಾತಿಗೆ ಅವನಿಗೂ ನಾಚಿಕೆಯಾಗಿತ್ತು ಅನ್ನಿಸುತ್ತದೆ. "ಲೇ, ನನ್ ಹತ್ರ ಆಟೋ ಐತೆ, ದೊಡ್ಡ ಡಬ್ಬ ಐತೆ. ಒಂದ್ಸಲ ಮಾತಾಡಿ ರೆಕಾರ್ಡ್ ಮಾಡ್ಕೊಡು. ನಾಲ್ಕು ತಾಲ್ಲೂಕು ನಾನೇ ಸುತ್ತಾಕೊಂಡ್ ಬತ್ತೀನಿ. ನೀನು ಬರೋದೇ ಬ್ಯಾಡ" ಎಂದ.

ನಾನೂ ನನ್ನದೊಂದು ಸೇರಿಸಿದೆ. "ಪ್ರತಿ ಊರಲ್ಲೂ ನನಗೆ ನಾಕು ಜನ ಗೊತ್ತು ಕಣ್ಲಾ. ಜೊತೇಲಿ ಬತ್ತೀನಿ. ನೀನು ಕೂಗೋ ಮುಂಚೆ ಹುಡುಗ ಒಳ್ಳೇವ್ನು ಅಂತ ಒಂದ್ಮಾತು ಯೋಳ್ತೀನಿ. ಯಾರೂ ಉಗಿಯಕ್ಕಿಲ್ಲ."

ಮುಂದಿನ ಊರಿಗೆ ಹೊರಡಲು ನಟರಾಜು ಹಾರ್ನಿನ ಹಗ್ಗ ಬಿಗಿ ಮಾಡುತ್ತಿದ್ದ. ಕೈ ಬಿಡದೆ, ನಮ್ಮಿಬ್ಬರ ಕಡೆಯೂ ನೋಡದೆ ಹೇಳಿದ:

"ಬ್ಯಾಡ ದೊಡ್ಡಪ್ಪ. ಕಿರಣ, ನಿನ್ ಆಟೋನೂ ಬ್ಯಾಡ ಕಣ್ಲಾ. ರೆಕಾರ್ಡ್ ಮಾಡಿ ಸುತ್ತಿಸಿದ್ದುಕ್ಕೇ ಈ ಗತಿ ಬಂತು. ಪ್ರತಿ ಊರಲ್ಲೂ ನನ್ ಬಾಯಿಂದ್ಲೇ ಬರ್ಬೇಕು, ಎಲ್ಲಾರೂ ನನ್ ಮುಖ ನೋಡ್ಬೇಕು. ಒಳ್ಳೇವ್ನು ಅಂತ ನೀವು ಯೋಳ್ಬ್ಯಾಡಿ, ಅದು ನಿಮ್ ಮಾತಾಯ್ತದೆ. ಉಗುದ್ರೆ ಉಗೀಲಿ, ನನಗೆ ಉಗ್ದಿದ್ದು ನನ್ ಮ್ಯಾಲೇ ಬೀಳ್ಲಿ. ಮನೇಗೋಗಿ ದೊಡ್ಡಪ್ಪ, ಬಿಸ್ಲು ಜೋರೈತೆ."